ಇಂಗ್ಲಿಷಿನ ಅಪೂರ್ಣ ಭೂತಕಾಲ ಮತ್ತು ಕನ್ನಡ ವಿದ್ಯಾರ್ಥಿ

ಕಾಲವೆಂಬುದು ಅಖಂಡವಾದುದು. ಅದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಆದರೆ ಮನುಷ್ಯನ ವ್ಯವಹಾರವು ಸುಗಮವಾಗಿ ಸಾಗಬೇಕಾದರೆ ಅದನ್ನು ವಿಭಾಗಿಸದೆ ಗತ್ಯಂತರವಿಲ್ಲ. ಆದುದರಿಂದಲೇ ವೈಯಾಕರಣರು ಕ್ರಿಯೆ ನಡೆದ ಕಾಲವನ್ನು ಭೂತವೆಂದೂ, ನಡೆಯುವ ಕಾಲವನ್ನು ವರ್ತಮಾನವೆಂದೂ, ನಡೆಯಲಿರುವ ಕಾಲವನ್ನು ಭವಿಷ್ಯತ್ತೆಂದೂ ಕರೆದರು. ಆದರೆ ಇಷ್ಟಕ್ಕೇ ಭಾಷೆಯ ಕೆಲಸ ಮುಗಿಯುವುದಿಲ್ಲ. ಹಿಂದೆ ನಡೆದ ಕ್ರಿಯೆಯು ಆಗಲೇ ಮುಗಿದು ಹೋಗಿತ್ತೇ, ಇಲ್ಲವೇ ಆ ಹೊತ್ತಿಗೆ ಇನ್ನೂ ನಡೆಯುತ್ತಿತ್ತೇ ಎಂಬುದನ್ನು ತಿಳಿಸುವ ಅಗತ್ಯವೂ ಉಂಟು.

ಇದು ಕೇವಲ ವ್ಯಾಕರಣದ ಸೂಕ್ಷ್ಮವೆಂದು ಯಾರೂ ಭಾವಿಸಬಾರದು. ಕೆರೆಯ ಏರಿಯಿಂದ ಬಾಲಕನೊಬ್ಬನು ಓಡೋಡಿ ಬಂದು, ‘ಹುಡುಗ ನೀರಿನಲ್ಲಿ ಮುಳುಗುತ್ತಿದ್ದ’ ಎಂದು ಹೇಳಿದರೆ ಊರಿನವರು ಹಗ್ಗ ಹಿಡಿದು ಕೆರೆಯ ಕಡೆಗೆ ಧಾವಿಸುವರು. ‘ಹುಡುಗ ಮುಳುಗಿದ’ ಎಂದರೆ ಹೆತ್ತವರ ಎದೆ ಒಡೆದು ಹೋಗುವುದು. ಎರಡೂ ಭೂತಕಾಲದ ಮಾತುಗಳೇ. ಆದರೆ ಒಂದರಲ್ಲಿ ಪ್ರಾಣದ ಆಸೆಯಿದೆ, ಇನ್ನೊಂದರಲ್ಲಿ ಅದಿಲ್ಲ. ಇಂಗ್ಲಿಷಿನಲ್ಲಿ ಮೊದಲನೆಯದು ‘ದಿ ಬಾಯ್ ವಾಸ್ ಡ್ರೌನಿಂಗ್’ ಎಂದಾಗುವುದು. ಎರಡನೆಯದು ‘ದಿ ಬಾಯ್ ಡ್ರೌನ್ಡ್’ ಎಂದಾಗುವುದು. ಈ ಮೊದಲ ರೂಪವೇ ಅಪೂರ್ಣ ಭೂತಕಾಲ. ಇಂಗ್ಲಿಷ್ ಪಾಠಪುಸ್ತಕಗಳು ಇದನ್ನು ‘ಪಾಸ್ಟ್ ಕಂಟಿನ್ಯುಅಸ್’ ಎಂದು ಕರೆಯುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದುವ ಗ್ರಾಮಾಂತರ ಪ್ರದೇಶದ ವಿದ್ಯಾರ್ಥಿಯು ಈ ಕಾಲರೂಪವನ್ನು ಕಂಡು ಅಂಜುವುದುಂಟು. ಸೂತ್ರವನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುವನು. ಆದರೆ ಸ್ವಂತ ವಾಕ್ಯವನ್ನು ರಚಿಸುವಾಗ ಎಡವುವನು. ಎಡವುವುದಕ್ಕೆ ಕಾರಣ ಅವನ ಮಾತೃಭಾಷೆಯೆಂದು ಕೆಲವರು ದೂಷಿಸುವರು. ಪರಿಶೀಲಿಸಿ ನೋಡಿದರೆ ದೋಷವಿರುವುದು ಮಾತೃಭಾಷೆಯಲ್ಲಲ್ಲ. ಮಾತೃಭಾಷೆಯ ವ್ಯಾಕರಣವನ್ನು ಸರಿಯಾಗಿ ಅರಿಯದಿರುವುದರಲ್ಲಿ.

ರೂಪಸಿದ್ಧಿ

‘ಓದುತ್ತಿದ್ದನು’ ಎಂಬ ಕನ್ನಡ ಕ್ರಿಯಾಪದವನ್ನು ಬಿಡಿಸಿ ನೋಡಬೇಕು. ಇದರಲ್ಲಿ ‘ಓದುತ್ತ’ ಎಂಬ ಕೃದಂತಾವ್ಯಯವೂ ‘ಇದ್ದನು’ ಎಂಬ ಕ್ರಿಯಾಪದವೂ ಕೂಡಿವೆ. ನಡುವೆ ಲೋಪಸಂಧಿಯಾಗಿ ಒಂದೇ ಪದದಂತೆ ತೋರುತ್ತದೆ. ಹಳಗನ್ನಡದಲ್ಲಿ ಇದೇ ಪದವು ‘ಓದುತ್ತಿರ್ದಂ’ ಎಂಬ ರೂಪದಲ್ಲಿತ್ತು. ‘ಓದುತ್ತ’ ಎಂಬುದು ಕ್ರಿಯೆಯು ಸಾಗುತ್ತಿರುವುದನ್ನು ಹೇಳಿದರೆ, ‘ಇದ್ದನು’ ಎಂಬುದು ಅದು ಭೂತಕಾಲಕ್ಕೆ ಸೇರಿದುದೆಂಬುದನ್ನು ಹೇಳುತ್ತದೆ.

ಇಂಗ್ಲಿಷಿನ ‘ವಾಸ್ ರೀಡಿಂಗ್’ ಎಂಬುದೂ ಹೀಗೆಯೇ ಎರಡು ಪದಗಳಿಂದಾದುದು. ‘ವಾಸ್’ ಎಂದರೆ ಇದ್ದನು. ‘ರೀಡಿಂಗ್’ ಎಂದರೆ ಓದುತ್ತ. ಪದಗಳ ಅನುಕ್ರಮವೊಂದು ತಿರುಗುಮುರುಗಾಗಿದೆ, ಅಷ್ಟೆ. ಸಂಸ್ಕೃತದಲ್ಲಿ ‘ಪಠನ್ ಆಸೀತ್’ ಎಂಬ ಪ್ರಯೋಗವೂ ಇದೇ ಜಾಡಿನದು. ಆದುದರಿಂದ ಕನ್ನಡ ಬಾಲಕನಿಗೆ ಈ ಕಾಲರೂಪವು ಹೊಸದಲ್ಲ. ಅವನು ತೊದಲು ನುಡಿಯುವ ವಯಸ್ಸಿನಿಂದಲೂ ಇದನ್ನು ಬಳಸುತ್ತಲೇ ಬಂದಿರುವನು.

ಇಂಗ್ಲಿಷಿನಲ್ಲಿಯೂ ಈ ರೂಪವು ಒಂದೇ ದಿನದಲ್ಲಿ ಸಿದ್ಧವಾದುದಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ಈ ಕೃದಂತಕ್ಕೆ ‘ಎಂಡೆ’ ಎಂಬ ಪ್ರತ್ಯಯವಿತ್ತು; ಮುಂದೆ ಆ ಸ್ಥಾನಕ್ಕೆ ‘ಇಂಗ್’ ಬಂದಿತು. ‘ಮನೆಯನ್ನು ಕಟ್ಟಲಾಗುತ್ತಿತ್ತು’ ಎಂಬ ಕರ್ಮಣಿಪ್ರಯೋಗದ ಅರ್ಥದಲ್ಲಿ ಹಿಂದೆ ‘ದಿ ಹೌಸ್ ವಾಸ್ ಬಿಲ್ಡಿಂಗ್’ ಎಂದೇ ಬರೆಯುತ್ತಿದ್ದರು. ಇಂದು ಸಹಜವೆನಿಸುವ ‘ವಾಸ್ ಬೀಯಿಂಗ್ ಬಿಲ್ಟ್’ ಎಂಬುದು 18ನೆಯ ಶತಮಾನದ ಕೊನೆಯ ಭಾಗದಲ್ಲಿ ರೂಢಿಗೆ ಬಂದಿತು. 19ನೆಯ ಶತಮಾನದ ಕೆಲವು ಪಂಡಿತರು ಅದನ್ನು ಅಪಪ್ರಯೋಗವೆಂದು ಹಳಿದರು. ತಮ್ಮದೇ ಭಾಷೆಯ ಈ ರೂಪದ ವಿಷಯದಲ್ಲಿ ಆಂಗ್ಲರೇ ತರ್ಕಿಸಿರುವಾಗ ಕನ್ನಡದ ಬಾಲಕನು ಒಮ್ಮೆ ತಡವರಿಸಿದರೆ ನಾಚಬೇಕಾದುದೇನೂ ಇಲ್ಲ.

ರಚನೆಯ ನಿಯಮಗಳು ಸರಳವಾಗಿವೆ. ‘ಐ, ಹಿ, ಶಿ, ಇಟ್’ ಎಂಬ ಸರ್ವನಾಮಗಳಿಗೂ ಏಕವಚನದ ನಾಮಪದಗಳಿಗೂ ‘ವಾಸ್’ ಹತ್ತುತ್ತದೆ. ‘ವಿ, ಯು, ದೇ’ ಎಂಬವುಗಳಿಗೂ ಬಹುವಚನದ ನಾಮಪದಗಳಿಗೂ ‘ವರ್’ ಹತ್ತುತ್ತದೆ. ಕನ್ನಡದಲ್ಲಿ ಇದ್ದೆನು, ಇದ್ದೆವು, ಇದ್ದೆ, ಇದ್ದಿರಿ, ಇದ್ದನು, ಇದ್ದಳು, ಇದ್ದಿತು, ಇದ್ದರು, ಇದ್ದುವು ಎಂದು ಇಷ್ಟೊಂದು ರೂಪಗಳನ್ನು ತಪ್ಪಿಲ್ಲದೆ ನುಡಿಯುವ ವಿದ್ಯಾರ್ಥಿಗೆ ಇಂಗ್ಲಿಷಿನ ಎರಡೇ ರೂಪಗಳು ಭಾರವಾಗಲಾರವು. ಆದರೆ ಕನ್ನಡದಲ್ಲಿ ಆಖ್ಯಾತ ಪ್ರತ್ಯಯವೇ ಕರ್ತೃವನ್ನು ಸೂಚಿಸುವುದರಿಂದ ‘ಓದುತ್ತಿದ್ದೆನು’ ಎಂದಷ್ಟೇ ಹೇಳಿದರೂ ಸಾಕು. ಇಂಗ್ಲಿಷಿನಲ್ಲಿ ಕರ್ತೃಪದವನ್ನು ಬಿಡುವಂತಿಲ್ಲ.

ಧಾತುವಿಗೆ ‘ಇಂಗ್’ ಹತ್ತುವಾಗ ಅಕ್ಷರಗಳಲ್ಲಿ ಕೆಲವು ಮಾರ್ಪಾಡುಗಳಾಗುತ್ತವೆ. ‘ರೈಟ್’ ಎಂಬುದರ ಕೊನೆಯಲ್ಲಿ ಉಚ್ಚಾರವಿಲ್ಲದ ‘ಇ’ ಅಕ್ಷರವಿದೆ. ‘ರೈಟಿಂಗ್’ ಎಂದು ಬರೆಯುವಾಗ ಅದು ಲೋಪವಾಗುತ್ತದೆ. ‘ರನ್’ ಎಂಬಂತಹ ಚಿಕ್ಕ ಪದಗಳಲ್ಲಿ ಒಂದೇ ಸ್ವರಾಕ್ಷರದ ಮುಂದೆ ಒಂದೇ ವ್ಯಂಜನಾಕ್ಷರವಿದ್ದರೆ ಆ ವ್ಯಂಜನವು ಇಮ್ಮಡಿಸುತ್ತದೆ. ಆದುದರಿಂದ ‘ರನ್ನಿಂಗ್’ ಎಂಬಲ್ಲಿ ‘ಎನ್’ ಅಕ್ಷರವನ್ನು ಎರಡು ಸಲ ಬರೆಯಬೇಕು. ‘ಡೈ’, ‘ಲೈ’ ಎಂಬವುಗಳ ಕೊನೆಯ ‘ಐ, ಇ’ ಅಕ್ಷರಗಳ ಸ್ಥಾನದಲ್ಲಿ ‘ವೈ’ ಆದೇಶವಾಗಿ ಬರುತ್ತದೆ. ಲೋಪ, ಆಗಮ, ಆದೇಶಗಳನ್ನು ಸಂಧಿಪ್ರಕರಣದಲ್ಲಿ ಕಲಿತವನಿಗೆ ಇವು ಪರಿಚಿತ ಮುಖಗಳೇ ಸರಿ.

ಅರ್ಥವಿವೇಚನೆ

ಭೂತಕಾಲವನ್ನು ಒಳಗಿಂದೊಳಗೆ ವಿಭಾಗಿಸುವ ಕ್ರಮವು ಭಾಷೆಯಿಂದ ಭಾಷೆಗೆ ಬೇರೆಯಾಗಿರುತ್ತದೆ. ಪಾಣಿನೀಯ ಸಂಪ್ರದಾಯದಲ್ಲಿ ಲುಙ್ ಸಾಮಾನ್ಯ ಭೂತಕ್ಕೂ, ಲಙ್ ಅನದ್ಯತನ ಭೂತಕ್ಕೂ, ಲಿಟ್ ಪರೋಕ್ಷ ಭೂತಕ್ಕೂ ಸಲ್ಲುತ್ತವೆ. ಕ್ರಿಯೆಯು ಇಂದು ನಡೆಯಿತೇ ಅಥವಾ ಅದಕ್ಕೂ ಹಿಂದೆ ನಡೆಯಿತೇ, ವಕ್ತೃವು ಅದನ್ನು ಕಂಡನೇ ಇಲ್ಲವೇ ಎಂಬುದು ಅಲ್ಲಿಯ ವಿಚಾರ. ಇಂಗ್ಲಿಷಿನ ವಿಚಾರವು ಬೇರೆ. ಅಲ್ಲಿ ಮುಖ್ಯವಾದುದು ಕ್ರಿಯೆಯು ಮುಗಿಯಿತೇ, ನಡುವೆ ಇತ್ತೇ ಎಂಬುದು.

‘ಕೆಲಸಗಾರರು ಗೋಡೆ ಕಟ್ಟಿದರು’ ಎಂದರೆ ಗೋಡೆ ಎದ್ದು ನಿಂತಿದೆ. ‘ಕಟ್ಟುತ್ತಿದ್ದರು’ ಎಂದರೆ ಕೆಲಸವು ನಡುವೆ ಇತ್ತೆಂದಷ್ಟೇ ತಿಳಿಯುತ್ತದೆ. ಆ ಗೋಡೆ ಪೂರ್ಣವಾಯಿತೋ, ಅರ್ಧಕ್ಕೇ ನಿಂತಿತೋ ಎಂಬುದನ್ನು ವಾಕ್ಯವು ಹೇಳುವುದಿಲ್ಲ. ಅಪೂರ್ಣವೆಂಬ ಹೆಸರು ಸಾರ್ಥಕವಾಗುವುದು ಇಲ್ಲಿಯೇ.

ಒಂದು ದೀರ್ಘಕ್ರಿಯೆಯು ನಡೆಯುತ್ತಿರುವಾಗ ಇನ್ನೊಂದು ಅಲ್ಪಕಾಲದ ಕ್ರಿಯೆಯು ನಡುವೆ ಬಂದು ಸೇರಿದರೆ ಮೊದಲನೆಯದಕ್ಕೆ ಅಪೂರ್ಣಭೂತವನ್ನೂ ಎರಡನೆಯದಕ್ಕೆ ಸಾಮಾನ್ಯಭೂತವನ್ನೂ ಬಳಸಬೇಕು. ‘ನಾನು ಓದುತ್ತಿದ್ದಾಗ ದೀಪ ಆರಿತು’ ಎಂಬುದು ‘ವೆನ್ ಐ ವಾಸ್ ರೀಡಿಂಗ್, ದಿ ಲ್ಯಾಂಪ್ ವೆಂಟ್ ಔಟ್’ ಎಂದಾಗುತ್ತದೆ. ಕನ್ನಡದಲ್ಲಿ ‘ಆಗ’ ಎಂಬುದು ಕ್ರಿಯಾಪದದ ಬಾಲಕ್ಕೆ ಹತ್ತಿದರೆ ಇಂಗ್ಲಿಷಿನಲ್ಲಿ ‘ವೆನ್’ ಎಂಬುದು ಆ ಉಪವಾಕ್ಯದ ತಲೆಯಲ್ಲಿ ನಿಲ್ಲುತ್ತದೆ. ಎರಡು ಕ್ರಿಯೆಗಳು ಜೊತೆಜೊತೆಯಾಗಿ ಸಾಗುತ್ತಿದ್ದರೆ ಎರಡಕ್ಕೂ ಅಪೂರ್ಣಭೂತವೇ ಬರಬಹುದು. ತಾಯಿ ರೊಟ್ಟಿ ಬಡಿಯುತ್ತಿದ್ದಳು, ತಂದೆ ಎತ್ತುಗಳಿಗೆ ಮೇವು ಹಾಕುತ್ತಿದ್ದನು ಎಂಬಲ್ಲಿ ‘ವೈಲ್’ ಎಂಬ ಪದವು ಎರಡು ವಾಕ್ಯಗಳನ್ನು ಬೆಸೆಯುತ್ತದೆ.

ಈ ಭೇದವನ್ನು ಮರೆತರೆ ನಿರಪರಾಧಿಯು ಅಪರಾಧಿಯಾದಾನು. ‘ಗಂಟೆ ಬಾರಿಸಿದಾಗ ಹುಡುಗರು ಓಡಿದರು’ ಎಂದರೆ ಗಂಟೆಯನ್ನು ಕೇಳಿದ ಮೇಲೆ ಓಡಿದರೆಂದು ಅರ್ಥ. ‘ಗಂಟೆ ಬಾರಿಸಿದಾಗ ಹುಡುಗರು ಓಡುತ್ತಿದ್ದರು’ ಎಂದರೆ ಗಂಟೆಗೆ ಮೊದಲೇ ತರಗತಿಯನ್ನು ಬಿಟ್ಟು ಹೊರಟಿದ್ದರೆಂದು ಅರ್ಥ. ಇಂಗ್ಲಿಷಿನಲ್ಲಿ ‘ರ‍್ಯಾನ್’ ಎಂದು ಬರೆಯಬೇಕಾದಲ್ಲಿ ‘ವರ್ ರನ್ನಿಂಗ್’ ಎಂದು ಬರೆದರೆ ಮುಖ್ಯೋಪಾಧ್ಯಾಯರ ಮುಂದೆ ನಿಲ್ಲಬೇಕಾದವರು ಆ ಹುಡುಗರೇ.

ಒಂದು ರೂಪ, ಎರಡು ಅರ್ಥ

ಇನ್ನು ಕನ್ನಡ ವಿದ್ಯಾರ್ಥಿಯು ಎಡವುವ ನಿಜವಾದ ಸ್ಥಳಕ್ಕೆ ಬರಬೇಕು. ಕನ್ನಡದ ‘ಉತ್ತಿದ್ದ’ ರೂಪವು ಎರಡು ಕೆಲಸಗಳನ್ನು ಮಾಡುತ್ತದೆ. ‘ನಾನು ಹೋದಾಗ ಅಜ್ಜನು ನಡೆಯುತ್ತಿದ್ದನು’ ಎಂಬಲ್ಲಿ ಅದು ಆ ಕ್ಷಣದಲ್ಲಿ ಸಾಗುತ್ತಿದ್ದ ಕ್ರಿಯೆಯನ್ನು ಹೇಳುತ್ತದೆ. ‘ಅಜ್ಜನು ದಿನಾಲು ನಾಲ್ಕು ಮೈಲಿ ನಡೆಯುತ್ತಿದ್ದನು’ ಎಂಬಲ್ಲಿ ಅದು ರೂಢಿಯನ್ನು ಹೇಳುತ್ತದೆ. ರೂಪ ಒಂದೇ, ಅರ್ಥ ಎರಡು. ಕನ್ನಡದ ಕಿವಿಗೆ ಸಂದರ್ಭವೇ ಅರ್ಥವನ್ನು ತಿಳಿಸಿಕೊಡುವುದರಿಂದ ಗೊಂದಲವಾಗುವುದಿಲ್ಲ.

ಇಂಗ್ಲಿಷಿನಲ್ಲಿ ಈ ಎರಡು ಅರ್ಥಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ರೂಪಗಳಿವೆ. ಮೊದಲನೆಯದು ‘ವಾಸ್ ವಾಕಿಂಗ್’. ಎರಡನೆಯದು ‘ಯೂಸ್ಡ್ ಟು ವಾಕ್’, ಇಲ್ಲವೇ ಸರಳವಾಗಿ ‘ವಾಕ್ಡ್’. ವಿದ್ಯಾರ್ಥಿಯು ಇದನ್ನು ಅರಿಯದೆ ‘ಮೈ ಗ್ರ್ಯಾಂಡ್‌ಫಾದರ್ ವಾಸ್ ವಾಕಿಂಗ್ ಫೋರ್ ಮೈಲ್ಸ್ ಎವ್ರಿ ಡೇ’ ಎಂದು ಬರೆಯುವನು. ಪದಗಳೆಲ್ಲ ಸರಿ, ವಾಕ್ಯ ಮಾತ್ರ ಸರಿಯಲ್ಲ.

ಈ ತಪ್ಪಿನಿಂದಾಗುವ ನಷ್ಟವು ಒಂದೆರಡು ಅಂಕಗಳಷ್ಟೇ ಅಲ್ಲ. ವಿದ್ಯಾರ್ಥಿನಿಲಯವೊಂದನ್ನು ಕಟ್ಟಿ ಮೂವತ್ತು ನಲವತ್ತು ವರುಷ ಬಡಮಕ್ಕಳನ್ನು ಸಲಹಿದ ಹಿರಿಯರೊಬ್ಬರ ಚರಿತ್ರೆಯನ್ನು ಹಳೆಯ ವಿದ್ಯಾರ್ಥಿಯೊಬ್ಬನು ಇಂಗ್ಲಿಷಿನಲ್ಲಿ ಬರೆಯಲು ಹೊರಟನೆಂದು ಭಾವಿಸಬಹುದು. ‘ಅವರು ಬಡಮಕ್ಕಳಿಗೆ ಅನ್ನ ನೀಡುತ್ತಿದ್ದರು’ ಎಂಬ ಕನ್ನಡ ವಾಕ್ಯದಲ್ಲಿ ಒಂದು ಆಯುಷ್ಯದ ಸೇವೆ ಅಡಗಿದೆ. ಅದನ್ನೇ ‘ಹಿ ವಾಸ್ ಗಿವಿಂಗ್ ಫುಡ್ ಟು ಪೂರ್ ಚಿಲ್ಡ್ರನ್’ ಎಂದು ಬರೆದರೆ ಓದುವ ಆಂಗ್ಲನು, ಯಾವುದೋ ಒಂದು ಮಧ್ಯಾಹ್ನ ಅವರು ಅನ್ನ ಬಡಿಸುತ್ತ ನಿಂತಿದ್ದರೆಂದು ತಿಳಿಯುವನು. ಆಮೇಲೆ ಏನು ನಡೆಯಿತೆಂದು ಮುಂದಿನ ವಾಕ್ಯಕ್ಕಾಗಿ ಕಾಯುವನು. ನಲವತ್ತು ವರುಷದ ದಾಸೋಹವು ಒಂದು ಗಳಿಗೆಗೆ ಇಳಿದುಹೋಯಿತು. ಬರೆದವನ ಭಕ್ತಿಯಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಕ್ರಿಯಾಪದದಲ್ಲಿ. ಸರಿಯಾದ ರೂಪವು ‘ಹಿ ಗೇವ್’ ಅಥವಾ ‘ಹಿ ಯೂಸ್ಡ್ ಟು ಗಿವ್’.

ಇದನ್ನು ತಪ್ಪಿಸುವ ಉಪಾಯವು ಕನ್ನಡದಲ್ಲಿಯೇ ಇದೆ. ಕನ್ನಡ ವಾಕ್ಯದ ಮೊದಲು ‘ಆ ಹೊತ್ತಿಗೆ ಸರಿಯಾಗಿ’ ಎಂಬ ಮಾತನ್ನು ಇಟ್ಟು ನೋಡಬೇಕು. ಅರ್ಥವು ಕೂಡಿಬಂದರೆ ‘ವಾಸ್, ವರ್’ ಸಹಿತವಾದ ಅಪೂರ್ಣಭೂತ. ಕೂಡಿಬಾರದೆ ‘ಆಗಿನ ದಿನಗಳಲ್ಲಿ ವಾಡಿಕೆಯಾಗಿ’ ಎಂಬ ಮಾತು ಹೊಂದಿದರೆ ‘ಯೂಸ್ಡ್ ಟು’ ಇಲ್ಲವೇ ಸಾಮಾನ್ಯಭೂತ. ಇಷ್ಟು ಮಾಡಿದರೆ ಹತ್ತರಲ್ಲಿ ಎಂಟು ತಪ್ಪುಗಳು ತಾವಾಗಿಯೇ ಬಿದ್ದುಹೋಗುವುವು.

‘ಉತ್ತ’ವಿಲ್ಲದ ಅಪೂರ್ಣ

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ‘ಗುಡಿಯ ಕಟ್ಟೆಯ ಮೇಲೆ ಮುದುಕನು ಕುಳಿತಿದ್ದನು’ ಎಂಬ ವಾಕ್ಯದಲ್ಲಿ ‘ಉತ್ತ’ ಇಲ್ಲ. ‘ಕುಳಿತು’ ಎಂಬ ಭೂತಕಾಲದ ಕೃದಂತಾವ್ಯಯದ ಮುಂದೆ ‘ಇದ್ದನು’ ಬಂದಿದೆ. ‘ಬಂದಿದ್ದನು’ ಎಂಬುದು ‘ಹ್ಯಾಡ್ ಕಮ್’ ಎಂದಾಗುವಂತೆ ಇದೂ ‘ಹ್ಯಾಡ್ ಸ್ಯಾಟ್’ ಎಂದಾಗಬೇಕೆಂದು ವಿದ್ಯಾರ್ಥಿಯು ಊಹಿಸುವನು. ಊಹೆಯು ತರ್ಕಬದ್ಧವಾದರೂ ಪ್ರಯೋಗವು ತಪ್ಪು. ಇಂಗ್ಲಿಷಿನಲ್ಲಿ ‘ದಿ ಓಲ್ಡ್ ಮ್ಯಾನ್ ವಾಸ್ ಸಿಟಿಂಗ್’ ಎಂದೇ ಹೇಳಬೇಕು.

ಕನ್ನಡವು ಇಲ್ಲಿ ಕುಳಿತುಕೊಳ್ಳುವ ಕ್ರಿಯೆ ಮುಗಿದುದನ್ನೂ ಅದರ ಫಲವಾದ ಭಂಗಿಯು ಉಳಿದುದನ್ನೂ ನೋಡುತ್ತದೆ. ಇಂಗ್ಲಿಷು ಆ ಭಂಗಿಯನ್ನೇ ಸಾಗುತ್ತಿರುವ ಕ್ರಿಯೆಯೆಂದು ಎಣಿಸುತ್ತದೆ. ‘ಕುಳಿತುಕೊಳ್ಳುತ್ತಿದ್ದನು’ ಎಂದರೆ ಕನ್ನಡದಲ್ಲಿ ಮೊಣಕಾಲು ಬಾಗುತ್ತಿರುವ ಆ ಕ್ಷಣದ ಚಿತ್ರವೇ ಬೇರೆ. ಅದಕ್ಕೆ ಇಂಗ್ಲಿಷಿನಲ್ಲಿ ‘ವಾಸ್ ಸಿಟಿಂಗ್ ಡೌನ್’ ಎನ್ನುವರು. ಹೀಗೆಯೇ ನಿಂತಿದ್ದನು, ಗೋಡೆಗೆ ಒರಗಿದ್ದನು, ಕೋಲು ಹಿಡಿದಿದ್ದನು, ಬಿಳಿಯ ಅಂಗಿ ತೊಟ್ಟಿದ್ದನು ಎಂಬವುಗಳು ಕ್ರಮವಾಗಿ ‘ವಾಸ್ ಸ್ಟ್ಯಾಂಡಿಂಗ್, ವಾಸ್ ಲೀನಿಂಗ್, ವಾಸ್ ಹೋಲ್ಡಿಂಗ್, ವಾಸ್ ವೇರಿಂಗ್’ ಎಂದಾಗುತ್ತವೆ. ದೇಹದ ಭಂಗಿ, ಉಡುಗೆ, ಹಿಡಿತ ಇವುಗಳನ್ನು ಹೇಳುವಾಗ ಕನ್ನಡದಲ್ಲಿ ‘ಉತ್ತ’ ಕಾಣದಿದ್ದರೂ ಇಂಗ್ಲಿಷಿನಲ್ಲಿ ‘ಇಂಗ್’ ಬರುವುದೆಂಬುದನ್ನು ನೆನಪಿಡಬೇಕು.

ಸ್ಥಿತಿವಾಚಕ ಧಾತುಗಳು

ಕೆಲವು ಧಾತುಗಳು ಕ್ರಿಯೆಯನ್ನು ಹೇಳದೆ ಸ್ಥಿತಿಯನ್ನು ಹೇಳುತ್ತವೆ. ತಿಳಿದಿರುವುದು, ನಂಬುವುದು, ಬೇಕೆನಿಸುವುದು, ಒಡೆತನವಿರುವುದು ಇಂಥವು. ಇವುಗಳಿಗೆ ಇಂಗ್ಲಿಷಿನಲ್ಲಿ ಅಪೂರ್ಣರೂಪವು ಸಾಮಾನ್ಯವಾಗಿ ಸಲ್ಲದು. ‘ಐ ವಾಸ್ ನೋಯಿಂಗ್ ದಿ ಆನ್ಸರ್’ ಎಂಬುದೂ ‘ಐ ವಾಸ್ ಹ್ಯಾವಿಂಗ್ ಎ ಸೈಕಲ್’ ಎಂಬುದೂ ಈ ದೇಶದಲ್ಲಿ ಪದೇ ಪದೇ ಕಿವಿಗೆ ಬೀಳುವ ತಪ್ಪುಗಳು. ‘ಐ ನ್ಯೂ’, ‘ಐ ಹ್ಯಾಡ್’ ಎಂಬುವೇ ಸಾಧುವಾದ ರೂಪಗಳು.

ಇಲ್ಲಿಯೂ ಕನ್ನಡವು ಕೈಹಿಡಿದು ನಡೆಸುತ್ತದೆ. ‘ನನಗೆ ಉತ್ತರ ಗೊತ್ತಿತ್ತು’, ‘ನನ್ನ ಬಳಿ ಸೈಕಲ್ಲು ಇತ್ತು’ ಎಂದು ಕನ್ನಡಿಗನು ಹೇಳುವನೇ ಹೊರತು ಅಲ್ಲಿ ‘ಉತ್ತ’ವನ್ನು ಸೇರಿಸುವುದಿಲ್ಲ. ಸ್ವಭಾಷೆಯ ಜಾಡನ್ನೇ ಹಿಡಿದಿದ್ದರೆ ಆ ತಪ್ಪು ಆಗುತ್ತಲೇ ಇರಲಿಲ್ಲ. ಆದರೆ ‘ಬೆಟ್ಟದ ಮೇಲಿನಿಂದ ಕೆರೆ ಕಾಣುತ್ತಿತ್ತು’, ‘ದೂರದಿಂದ ಗಂಟೆಯ ನಾದ ಕೇಳಿಸುತ್ತಿತ್ತು’, ‘ಜನರು ಅವನನ್ನು ನಂಬುತ್ತಿದ್ದರು’ ಎಂಬಲ್ಲಿ ಎಚ್ಚರ ಬೇಕು. ಇಂಗ್ಲಿಷಿನಲ್ಲಿ ಇವು ‘ಕುಡ್ ಸೀ’, ‘ಕುಡ್ ಹಿಯರ್’, ‘ಟ್ರಸ್ಟೆಡ್’ ಎಂದಾಗುವುವು. ಇನ್ನು ‘ಹ್ಯಾವ್’ ಎಂಬ ಧಾತುವಿಗೆ ಉಣ್ಣುವ ಅರ್ಥವಿರುವಾಗ ಅದು ಕ್ರಿಯೆಯೇ ಆಗುವುದರಿಂದ ‘ವಾಸ್ ಹ್ಯಾವಿಂಗ್ ಲಂಚ್’ ಎಂಬುದು ಸಾಧುಪ್ರಯೋಗ.

ಗೌರವಾರ್ಥದ ಬಹುವಚನ

ಹಿರಿಯರನ್ನು ಬಹುವಚನದಿಂದ ಕರೆಯುವುದು ಕನ್ನಡದ ಸಂಸ್ಕಾರ. ‘ಗುರುಗಳು ಪಾಠ ಹೇಳುತ್ತಿದ್ದರು’ ಎಂಬುದನ್ನು ಇಂಗ್ಲಿಷಿಗೆ ತರುವ ವಿದ್ಯಾರ್ಥಿಯು ಅದೇ ಸಂಸ್ಕಾರದಿಂದ ‘ದಿ ಟೀಚರ್ ವರ್ ಟೀಚಿಂಗ್’ ಎಂದು ಬರೆಯುವುದುಂಟು. ಇಂಗ್ಲಿಷಿನ ಪ್ರಥಮಪುರುಷದಲ್ಲಿ ಇಂಥ ಬಹುವಚನವಿಲ್ಲ. ಅಲ್ಲಿ ‘ವಾಸ್’ ಎಂದು ಬರೆದ ಮಾತ್ರಕ್ಕೆ ಗುರುಗಳಿಗೆ ಅಗೌರವವಾಗುವುದಿಲ್ಲ. ಆದರೆ ಮಧ್ಯಮಪುರುಷದಲ್ಲಿ ಮಾತ್ರ ಇಂಗ್ಲಿಷು ಕನ್ನಡದ ‘ನೀವು’ವಿನ ಹಾದಿಯನ್ನೇ ಹಿಡಿದಿದೆ. ‘ಯು’ ಎಂಬುದು ಮೂಲದಲ್ಲಿ ಬಹುವಚನ; ಒಬ್ಬನನ್ನು ಸಂಬೋಧಿಸಲು ‘ದೌ’ ಎಂಬ ಪದವಿತ್ತು. ಗೌರವಾರ್ಥವಾಗಿ ಒಬ್ಬರಿಗೂ ‘ಯು’ ಎನ್ನುವ ಪದ್ಧತಿ ಬೆಳೆದು ‘ದೌ’ ಎಂಬುದು ಬಳಕೆ ತಪ್ಪಿತು. ಆದುದರಿಂದಲೇ ಎದುರಿಗಿರುವವನು ಒಬ್ಬನೇ ಆದರೂ ‘ಯು ವರ್’ ಎನ್ನಬೇಕು.

ನಿಷೇಧ ಮತ್ತು ಪ್ರಶ್ನೆ

‘ಓದುತ್ತಿರಲಿಲ್ಲ’ ಎಂಬ ನಿಷೇಧಕ್ಕೆ ‘ವಾಸ್ ನಾಟ್ ರೀಡಿಂಗ್’ ಎಂದು, ಸಹಾಯಕ ಕ್ರಿಯಾಪದದ ಮುಂದೆ ‘ನಾಟ್’ ಬರುತ್ತದೆ. ಪ್ರಶ್ನೆಗೆ ಕನ್ನಡದಲ್ಲಿ ‘ಓದುತ್ತಿದ್ದನೇ’ ಎಂದು ಕೊನೆಯಲ್ಲಿ ಏಕಾರ ಹತ್ತಿದರೆ ಇಂಗ್ಲಿಷಿನಲ್ಲಿ ‘ವಾಸ್ ಹಿ ರೀಡಿಂಗ್’ ಎಂದು ಸಹಾಯಕ ಕ್ರಿಯಾಪದವೇ ಕರ್ತೃವಿನ ಮುಂದಕ್ಕೆ ಹೋಗಿ ನಿಲ್ಲುತ್ತದೆ. ‘ಡಿಡ್’ ಎಂಬುದು ಸಾಮಾನ್ಯಭೂತದ ಸೇವಕ; ‘ಇಂಗ್’ ಇರುವ ಕಡೆ ಅದಕ್ಕೆ ಪ್ರವೇಶವಿಲ್ಲ. ‘ಡಿಡ್ ಹಿ ರೀಡಿಂಗ್’ ಎಂಬುದು ಅಸಾಧು.

ಅಭ್ಯಾಸಕ್ರಮ

ನಿಯಮವನ್ನು ತಿಳಿದ ಮಾತ್ರಕ್ಕೆ ಭಾಷೆ ಕೈವಶವಾಗುವುದಿಲ್ಲ. ವಿದ್ಯಾರ್ಥಿಯು ರಾತ್ರಿ ಮಲಗುವ ಮುನ್ನ ಒಂದು ಪುಟ್ಟ ಪುಸ್ತಕದಲ್ಲಿ ಆ ದಿನದ ಐದು ಹೊತ್ತುಗಳನ್ನು ಬರೆದುಕೊಳ್ಳಬೇಕು. ಬೆಳಗಿನ ಐದು ಗಂಟೆಗೆ ತಾನು ಏನು ಮಾಡುತ್ತಿದ್ದೆ, ಪ್ರಾರ್ಥನೆಯ ಗಂಟೆ ಬಾರಿಸಿದಾಗ ಏನು ಮಾಡುತ್ತಿದ್ದೆ, ಮಳೆ ಬಂದಾಗ ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲು ಶುದ್ಧ ಕನ್ನಡದಲ್ಲಿ ಬರೆದು, ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆಯಬೇಕು. ಪ್ರತಿಯೊಂದು ‘ಉತ್ತಿದ್ದ’ದ ಬಳಿಯಲ್ಲಿ ನಿಂತು, ಇದು ಆ ಹೊತ್ತಿನದೇ ಅಥವಾ ರೂಢಿಯದೇ ಎಂದು ತನ್ನನ್ನು ತಾನು ಕೇಳಿಕೊಳ್ಳಬೇಕು. ಅದರ ಜೊತೆಗೆ ‘ಊರಿನಲ್ಲಿದ್ದಾಗ ದಿನಾಲು ಏನು ಮಾಡುತ್ತಿದ್ದೆ’ ಎಂಬುದಕ್ಕೂ ಎರಡು ವಾಕ್ಯಗಳನ್ನು ಬರೆದರೆ ಭೇದವು ಮನಸ್ಸಿನಲ್ಲಿ ನಾಟುವುದು. ಒಂದು ತಿಂಗಳು ಬಿಡದೆ ನಡೆಸಿದರೆ ನೂರೈವತ್ತು ಹೊತ್ತುಗಳ ವಾಕ್ಯಗಳು ಅವನ ಸ್ವಂತ ಆಸ್ತಿಯಾಗುವುವು.

ಇಂಗ್ಲಿಷ್ ಉಪಾಧ್ಯಾಯರೂ ಕನ್ನಡ ಪಂಡಿತರೂ ಈ ಕಾರ್ಯದಲ್ಲಿ ಕೈಗೂಡಿಸಬೇಕಾದುದು ಅವಶ್ಯ. ಕನ್ನಡದ ತರಗತಿಯಲ್ಲಿ ಕೃದಂತವೂ ಕಾಲಭೇದವೂ ಚೆನ್ನಾಗಿ ನೆಲೆಗೊಂಡರೆ ಇಂಗ್ಲಿಷಿನ ತರಗತಿಯಲ್ಲಿ ಅರ್ಧದಷ್ಟು ಶ್ರಮ ಉಳಿಯುವುದು. ಪರದೇಶದಿಂದ ಬಂದು ಕನ್ನಡವನ್ನು ಕಲಿತ ಕಿಟೆಲ್ಲರು ಈ ನಾಡಿನ ವ್ಯಾಕರಣವನ್ನೇ ಮೊದಲು ಆಶ್ರಯಿಸಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಅವರು ಪ್ರಕಟಿಸಿದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿಯೂ, ಕನ್ನಡ ವ್ಯಾಕರಣಗ್ರಂಥವು 1903ರಲ್ಲಿಯೂ ಹೊರಬಂದುವು. ಪರಭಾಷೆಗೆ ಹೋಗುವ ಸೇತುವೆಯು ವ್ಯಾಕರಣವೆಂಬುದನ್ನು ಅವರು ತಮ್ಮ ದುಡಿಮೆಯಿಂದಲೇ ತೋರಿಸಿಕೊಟ್ಟರು. ಅದೇ ಸೇತುವೆಯ ಮೇಲೆ ಕನ್ನಡದ ಮಕ್ಕಳು ಈಚೆಯಿಂದ ಆಚೆಗೆ ನಡೆಯಲಾರರೆಂದು ಹೇಳುವುದಕ್ಕೆ ಕಾರಣವಿಲ್ಲ.

ಒಟ್ಟಿನಲ್ಲಿ, ಇಂಗ್ಲಿಷಿನ ಅಪೂರ್ಣ ಭೂತಕಾಲವನ್ನು ಕಲಿಯಲು ಹೊರಟ ವಿದ್ಯಾರ್ಥಿಯು ಬರಿಗೈಯಲ್ಲಿ ಹೊರಟವನಲ್ಲ. ‘ಮುಳುಗಿದ’ ಮತ್ತು ‘ಮುಳುಗುತ್ತಿದ್ದ’ ಎಂಬ ಮಾತುಗಳ ಅಂತರವನ್ನು ಅವನ ತಾಯಿ ಅವನಿಗೆ ಎಂದೋ ಕಲಿಸಿರುವಳು. ತಾನು ಆಡುವ ಮಾತಿನಲ್ಲಿ ಏನೇನಿದೆಯೆಂದು ಎಚ್ಚರದಿಂದ ನೋಡಿಕೊಂಡರೆ ಸಾಕು. ಸ್ವಭಾಷೆಯನ್ನು ಅರಿತು ಆಡುವವನಿಗೆ ಪರಭಾಷೆಯೂ ಒಲಿಯುವುದು. ಅವನ ಮಾತು ಯಾವ ಭಾಷೆಯಲ್ಲಿದ್ದರೂ ನಡೆದುದನ್ನು ನಡೆದಂತೆಯೇ ಹೇಳುವುದು.